ಗಾಳಿ ಒಲ್ಲದ ಸಾಕ್ಷಿ

ಜಾಡಿಯ ಮುಚ್ಚಳ ತೆರೆದಾಗ ಯಾವ ವಾಸನೆಯೂ ಬರಲಿಲ್ಲ.

ಡಾಕ್ಟರ್ ನಿಶಾತ್ ಮುಖಗವಸನ್ನು ಕೆಳಗೆಳೆದು ಇನ್ನೊಮ್ಮೆ ಮೂಸಿದಳು. ಒಳಗಿದ್ದ ಗಾಜಿನ ತಟ್ಟೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ಕೆಂಪು ಲೇಪದ ಮೇಲೆ ಒಂದು ಚುಕ್ಕೆಯೂ ಮೂಡಿರಲಿಲ್ಲ.

"ಏನೂ ಬೆಳದಿಲ್ಲ," ಎಂದಳು.

ಸಬ್ ಇನ್‌ಸ್ಪೆಕ್ಟರ್ ಅಮರೇಶ್ವರಿ ಸ್ಟೂಲಿನಿಂದ ಎದ್ದಳು. "ಅಂದ್ರ ಗಾಯ ಸ್ವಚ್ಛ ಅದ?"

"ಸ್ವಚ್ಛ ಇದ್ದ ಕೈ ಹಂಗ ನಾರತದೇನ್ರೀ? ವಾರ್ಡಿನ ಬಾಗಲದಾಗ ನಿಂತ್ರೂ ಮೂಗಿಗೆ ಹೊಡೀತದ ಅಂತ ಲಿಂಗಸುಗೂರಿನ ಸರ್ಜನ್ ಫೋನಿನ್ಯಾಗ ಹೇಳ್ಯಾರ. ಅಂಥಾ ಕೀವಿನ್ಯಾಗ ಒಂದೂ ಜೀವಿ ಇಲ್ಲಂದ್ರ ನಾ ನಂಬಂಗಿಲ್ಲ. ಇದ್ದವು. ಯಾರೋ ಕೊಂದಾರ."

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಆ ಪುಟ್ಟ ಪ್ರಯೋಗಾಲಯದಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಬಾಬುಸಾಬ್ ಟೊಪ್ಪಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಬಂದ.

"ಕೊಂದಾರ ಅಂದ್ರ ಏನ್ ಮಾತ್ರೀ ಡಾಕ್ಟ್ರ? ಆಸ್ಪತ್ರಿಯವರು ಕೀವು ಒರೆಸಿದ ಹತ್ತಿ ನನ್ನ ಕೈಗೇ ಕೊಟ್ರು. ನಾನ ತಂದೀನಿ. ನನ್ನ ಅರಗಿನ ಸೀಲ್ ಒಡದಿದ್ರ ಹೇಳ್ರಿ, ನೌಕರಿ ಬಿಟ್ಟು ಹೋಗ್ತೀನಿ."

"ಸೀಲ್ ಹಾಕೂಕಿಂತ ಮೊದ್ಲು ಏನು ಮಾಡಿದ್ರಿ?"

"ಕಾಯ್ದೇಶೀರ ಒಣಗಿಸೀನಿ." ಬಾಬುಸಾಬನ ದನಿಯಲ್ಲಿ ಹೆಮ್ಮೆಯಿತ್ತು. "ಸಾಕ್ಷಿಯ ಹಸಿ ಮುದ್ದೆಮಾಲು ಕಟ್ಟಿದ್ರ ಬೂಷ್ಟು ಹಿಡೀತದ. ರಕ್ತದ ಅಂಗಿ ಇರ್ಲಿ, ಹತ್ತಿ ಇರ್ಲಿ, ನೆರಳಾಗ ಫ್ಯಾನಿನ ಕೆಳಗ ಇಟ್ಟು, ಪೂರಾ ಒಣಗಿದ ಮ್ಯಾಲ ಸೀಲ್. ನನ್ನ ಸರ್ವಿಸಿನ್ಯಾಗ ಒಂದು ಮಾಲೂ ಕೊಳತಿಲ್ರೀ."

ನಿಶಾತ್ ಕಣ್ಣು ಮುಚ್ಚಿಕೊಂಡಳು.

"ರಕ್ತಕ್ಕ ಅದು ಸರಿ, ಬಾಬುಸಾಬ್. ಈ ಜೀವಿಗಳಿಗೆ ಗಾಳಿನ ವಿಷ. ಅನೇರೋಬ್ ಅಂತೀವಿ ನಾವು. ನಮ್ಮ ನಿಮ್ಮ ಹೊಟ್ಟಿಯೊಳಗ, ಹಲ್ಲು-ವಸಡಿನ ಸಂದಿಯೊಳಗ, ಗಾಳಿ ಸುಳಿಯದ ಜಾಗದಾಗ ಲೆಕ್ಕ ಇಲ್ಲದಷ್ಟು ಅದಾವ. ತಮ್ಮ ಜಾಗದಾಗ ಇರೂ ತನಕ ಯಾರಿಗೂ ಉಪದ್ರ ಇಲ್ಲ. ಜಾಗ ಬಿಟ್ಟು ಮಾಂಸದೊಳಗ ಇಳದ್ರ ಕೊಳಸಿ ಬಿಡ್ತಾವ. ಅಂಥವನ್ನ ನೀವು ಫ್ಯಾನಿನ ಕೆಳಗ ಮಲಗಿಸಿದ್ರಿ."

ಬಾಬುಸಾಬ್ ಟೊಪ್ಪಿಗೆಯನ್ನು ಮತ್ತೆ ಕೈಗೆ ತೆಗೆದುಕೊಂಡ. "ಹಂಗಾದ್ರ ಸಾಕ್ಷಿ ಕೊಂದಾಂವ ನಾನ ಆದೆ. ಆರೋಪಿ ಪಟ್ಟಿಯಾಗ ನನ್ನ ಹೆಸ್ರೂ ಬರೀರಿ ಮೇಡಮ್."

ಅಮರೇಶ್ವರಿಗೆ ನಗು ಬರಲಿಲ್ಲ.

ಕಳೆದ ವಾರ ಜವಳಗೇರಾದ ಕಾಲುವೆಯಲ್ಲಿ ಮಸ್ಕಿಯ ಬೀಜ-ಗೊಬ್ಬರದ ವ್ಯಾಪಾರಿ ಶಿವಕಾಂತನ ಹೆಣ ಸಿಕ್ಕಿತ್ತು. ತಲೆಯ ಹಿಂಭಾಗ ಒಡೆದಿತ್ತು. ತುಟಿ ಹರಿದು ಮುಂದಿನ ಹಲ್ಲೊಂದು ಮುರಿದಿತ್ತು. ಹೊತ್ತು ಮುಳುಗುವ ಸಮಯದಲ್ಲಿ ಕಾಲುವೆ ಏರಿಯ ಮೇಲೆ ಗ್ಯಾನಪ್ಪನೆಂಬ ಕೂಲಿಯಾಳು ತನ್ನ ಗಂಡನ ಬಾಯಿಗೆ ಗುದ್ದಿದ್ದನ್ನು ಕಣ್ಣಾರೆ ಕಂಡೆನೆಂದು ಶಿವಕಾಂತನ ಹೆಂಡತಿ ಭಾಗ್ಯಶ್ರೀ ಹೇಳಿಕೆ ಕೊಟ್ಟಿದ್ದಳು. ಗ್ಯಾನಪ್ಪನ ಬಲಗೈಯ ಗೆಣ್ಣುಗಳ ಮೇಲೆ ಗಾಯವೂ ಇತ್ತು. ಭತ್ತ ಕೊಯ್ಯುವ ಯಂತ್ರದ ಚೈನಿನಲ್ಲಿ ಸಿಕ್ಕಿದ ಹುಲ್ಲು ಕೀಳುವಾಗ ಆದದ್ದು ಎಂಬುದಷ್ಟೇ ಅವನ ಮಾತು. ಯಂತ್ರದ ಚಾಲಕ ಮರುದಿನವೇ ಯಂತ್ರದೊಂದಿಗೆ ತಮಿಳುನಾಡಿನ ದಾರಿ ಹಿಡಿದಿದ್ದ.

ಬಂಧಿಸಿದವಳು ಅಮರೇಶ್ವರಿಯೇ; ಗಾಯ ಕೀವುಗಟ್ಟಿದ ಮೇಲೆ ಲಿಂಗಸುಗೂರಿನ ಆಸ್ಪತ್ರೆಗೆ ಸೇರಿಸಿದವಳೂ ಅವಳೇ. ಆದರೆ ಕೈಗೆ ಬೇಡಿ ತೊಡಿಸುವಾಗ ಅವನು ನೋಡಿದ ನೋಟ ಅವಳನ್ನು ಬಿಟ್ಟಿರಲಿಲ್ಲ. ಅದರಲ್ಲಿ ಭಯವಿರಲಿಲ್ಲ. ಯಾರೋ ಬರುತ್ತಾರೆಂದು ಕಾಯುತ್ತಿರುವವನ ನೋಟ ಅದು.

"ಇನ್ನೊಮ್ಮೆ ಕೀವು ತಗದ್ರ?" ಎಂದಳು.

"ನಾನ ಬರ್ತೀನಿ. ನಾನ ತಗೀತೀನಿ." ನಿಶಾತ್ ಆಗಲೇ ಚೀಲಕ್ಕೆ ಸಿರಿಂಜುಗಳನ್ನು ತುಂಬುತ್ತಿದ್ದಳು. "ಆದ್ರ ಒಂದು ಮಾತು ಮೊದ್ಲ ತಿಳ್ಕೊಳ್ರಿ. ಮಣ್ಣಿನ್ಯಾಗಿನ ಜೀವಿ ಸಿಕ್ರ, ಹೊಲದಾಗ ಗಾಯ ಆಯ್ತು ಅನ್ನೂ ಅವನ ಮಾತಿಗೆ ಬಲ ಬರ್ತದ. ಖರೇ, ಆದ್ರ ಆ ಜಾತಿ ಮಾಂಸದೊಳಗ ಗಾಳಿಗುಳ್ಳಿ ಎಬ್ಬಸ್ತದ. ಜೀವ ಉಳಿಸಾಕ ಸರ್ಜನ್ ಇವತ್ತ ಕೈ ಕಡೀತಾರ."

"ಬಾಯಿಯ ಜೀವಿ ಸಿಕ್ರ?"

"ಕೈ ಉಳೀತದ. ತೊಳದು, ಔಷಧ ಕೊಟ್ರ ಸಾಕು. ಆದ್ರ ಮನಷ್ಯಾನ ಬಾಯಾಗಿನ ಜೀವಿ ಗೆಣ್ಣಿನೊಳಗ ಹೆಂಗ ಹೊಕ್ತು ಅಂತ ನಿಮ್ಮ ಕೋರ್ಟ್ ಕೇಳ್ತದ."

ಕೈ ಹೋದರೆ ಬಿಡುಗಡೆ. ಕೈ ಉಳಿದರೆ ಕೊಲೆಯ ಆರೋಪ. ಜೀಪು ಮಸ್ಕಿಯನ್ನು ದಾಟಿ ಲಿಂಗಸುಗೂರಿನ ದಾರಿಯಲ್ಲಿ ಓಡುತ್ತಿದ್ದಾಗ ಅಮರೇಶ್ವರಿ ಯಾವುದನ್ನು ಬಯಸಬೇಕೆಂದು ತಿಳಿಯದೆ ಕುಳಿತಿದ್ದಳು.

*

ವಾರ್ಡಿನ ಮೂಲೆಯ ಮಂಚದಲ್ಲಿ ಗ್ಯಾನಪ್ಪ ಕಣ್ಣು ಮುಚ್ಚಿ ಮಲಗಿದ್ದ. ಮೊಣಕೈವರೆಗೂ ಬಾತಿದ್ದ ತೋಳನ್ನು ದಿಂಬಿನ ಮೇಲೆ ಎತ್ತಿ ಇಡಲಾಗಿತ್ತು. ಮಂಚದ ಬುಡದಲ್ಲಿ ಅವನ ತಾಯಿ ಯಮನೂರಮ್ಮ ನೆಲದ ಮೇಲೆ ಕುಳಿತು ಕಬ್ಬಿಣದ ಪುಟ್ಟ ಕುಟ್ಟಾಣಿಯಲ್ಲಿ ಎಲೆ-ಅಡಿಕೆ ಕುಟ್ಟುತ್ತಿದ್ದಳು. ಪೊಲೀಸರನ್ನು ಕಂಡರೂ ಕುಟ್ಟುವುದನ್ನು ನಿಲ್ಲಿಸಲಿಲ್ಲ.

ಸರ್ಜನ್ ಸಿದ್ದರಾಮೇಶ ಹಟ್ಟಿಯ ಗಣಿ ಕಾರ್ಮಿಕರ ಗಾಯಗಳನ್ನು ಹೊಲಿದು ಪಳಗಿದವರು. ಮಾತು ಕಡಿಮೆ. "ಜ್ವರ ಇಳಿಯವಲ್ಲದು. ಲಗೂನ ಹೇಳ್ರಿ. ಥಿಯೇಟರ್ ತಯಾರಿಟ್ಟೀನಿ," ಎಂದಷ್ಟೇ ಹೇಳಿ ಬದಿಗೆ ಸರಿದರು.

ನಿಶಾತ್ ಬಾವಿನ ಆಳಕ್ಕೆ ಸೂಜಿ ಇಳಿಸಿದಳು. ಕಂದು ಬಣ್ಣದ ಕೀವು ಸಿರಿಂಜಿಗೆ ಏರಿತು. ಸೂಜಿಯನ್ನು ಮೇಲ್ಮುಖವಾಗಿ ಹಿಡಿದು, ಒಳಗಿನ ಗಾಳಿಯ ಗುಳ್ಳೆಯನ್ನು ಹೊರಗೆ ತಳ್ಳಿ, ಬಾಯಿಯನ್ನು ರಬ್ಬರಿನಿಂದ ಮುಚ್ಚಿದಳು.

ಬಾಬುಸಾಬ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. "ನಾ ಮುಟ್ಟಂಗಿಲ್ರೀ," ಎಂದ. "ಉಸಿರೂ ಬಿಡಂಗಿಲ್ಲ."

"ಉಸಿರು ಬಿಡ್ರಿ ಸಾಬ್ರ," ಎಂದ ಗ್ಯಾನಪ್ಪ, ಕಣ್ಣು ತೆರೆಯದೆ. "ನನ್ನ ಸಲುವಾಗಿ ಇನ್ನೊಬ್ಬರು ಸಾಯೂದು ಬ್ಯಾಡ."

ಆಸ್ಪತ್ರೆಯ ಲ್ಯಾಬಿನಲ್ಲಿ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ತೊಳೆದು, ನಿಶಾತ್ ಸೂಕ್ಷ್ಮದರ್ಶಕದ ಮೇಲೆ ಬಾಗಿದಳು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ತನ್ನ ಜಾಗವನ್ನು ಅಮರೇಶ್ವರಿಗೆ ಬಿಟ್ಟುಕೊಟ್ಟಳು.

"ಮಣ್ಣಿನ ಜೀವಿ ಆಗಿದ್ರ ದಪ್ಪ ದಪ್ಪ ನೀಲಿ ತುಂಡು ಕಾಣ್ತಿದ್ದವು. ನೀವ ನೋಡ್ರಿ."

ಕಂಡದ್ದು ತೆಳುವಾದ ಗುಲಾಬಿ ಕಡ್ಡಿಗಳು. ಎರಡೂ ತುದಿ ಚೂಪು. ಸೂಜಿಗಳ ಕಟ್ಟನ್ನು ಯಾರೋ ಚೆಲ್ಲಿದಂತೆ ಬಿದ್ದುಕೊಂಡಿದ್ದವು.

"ಬಾಯಿಯವು," ಎಂದಳು ನಿಶಾತ್. "ಬೆಳಸಿ ನೋಡಿ ಬರದು ಕೊಡಾಕ ಇನ್ನೂ ದಿನ ಬೇಕು. ಆದ್ರ ನನಗ ಅನುಮಾನ ಇಲ್ಲ."

*

"ಗ್ಯಾನಪ್ಪ, ನಿನ್ನ ಕೈ ಉಳೀತು," ಎಂದಳು ಅಮರೇಶ್ವರಿ.

ಯಮನೂರಮ್ಮನ ಕುಟ್ಟಾಣಿ ನಿಂತಿತು. "ನಮ್ಮ ಹುಲಿಗೆಮ್ಮ ತಾಯಿ ಕಣ್ಣು ತೆರದಳು," ಎಂದು ಅವಳು ಎರಡೂ ಕೈಗಳನ್ನು ಹಣೆಗೆ ಒತ್ತಿಕೊಂಡಳು.

"ಕೈ ಉಳೀತು. ನಿನ್ನ ಮಾತು ಉಳೀಲಿಲ್ಲ. ನಿನ್ನ ಗಾಯದಾಗ ಇರೂದು ಮನಷ್ಯಾನ ಬಾಯಿಯ ಹುಳ. ಕೊಯ್ಯೂ ಮಿಷನ್ನಿಗೆ ಬಾಯಿ ಐತೇನು?"

"ಐತ್ರೀ," ಎಂದ ಗ್ಯಾನಪ್ಪ. "ಎಕರೆಗಟ್ಟಲೆ ನೆಲ್ಲು ನಿಂತಲ್ಲೇ ತಿಂತದ."

"ಲೇ, ಚಾಷ್ಟಿ ಮಾಡಬ್ಯಾಡ. ಶಿವಕಾಂತನ ಹಲ್ಲು ಮುರದದ, ನಿನ್ನ ಗೆಣ್ಣು ಒಡದದ. ನಡುವ ಏನಾತು ಹೇಳು."

"ಹೇಳೀನಲ್ರೀ. ಚೈನ್ ಬಡೀತು."

"ಚೈನ್ ಬಡದ ಮ್ಯಾಲ?"

ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ.

ಅದೇ ಹೊತ್ತಿಗೆ ಸಿದ್ದರಾಮೇಶರು ಗಂಟಲು ಸರಿಪಡಿಸಿಕೊಂಡರು. "ಮೇಡಮ್, ಮೊದ್ಲ ದಿನ ಗಾಯ ತೊಳದಾಗ ಒಳಗ ಹಸರು ನಾರು ಸಿಕ್ಕಿತ್ತು. ಹೊಲದಾಗಿನ ಹುಲ್ಲು ಇರಬೇಕು ಅಂದ್ಕೊಂಡೆ. ಎತ್ತಿ ಇಟ್ಟೀನಿ." ಅವರು ಜೇಬಿನಿಂದ ಒಂದು ಸಣ್ಣ ಶೀಶೆಯನ್ನು ತೆಗೆದರು.

ನಿಶಾತ್ ಅದನ್ನು ಕಿಟಕಿಗೆ ಹಿಡಿದಳು. ಭೂತಗನ್ನಡಿ ತರಿಸಿ ನೋಡಿದಳು. ಅವಳ ಮುಖದ ಬಣ್ಣ ಬದಲಾಯಿತು.

"ಇದು ಹುಲ್ಲಲ್ರೀ, ಸೊಪ್ಪು. ಕಲ್ಲಿನ ಮ್ಯಾಲ ಅರದದ್ದೂ ಅಲ್ಲ. ಅರದ್ರ ನುಣ್ಣಗ ಆಗ್ತಿತ್ತು. ಇದು ಜಜ್ಜಿ ಜಜ್ಜಿ ಉಳದೈತಿ. ಜಗದದ್ದು."

"ಬದುವಿನ ಮ್ಯಾಲ ಬೆಳೀತಲ್ರೀ, ಗಾಯದ ಸೊಪ್ಪು," ಎಂದ ಬಾಬುಸಾಬ್. "ಕುಡಗೋಲು ತಾಗಿದ್ರ ಹೊಲದಾಗ ಕಲ್ಲು ಎಲ್ಲಿಂದ ತರೂದು? ಬಾಯಾಗ ಹಾಕಿ ಜಗದು, ಗಾಯಕ್ಕ ಒತ್ತಿ ಕಟ್ಟಿಬಿಡೂದು. ನನಗೂ ನಮ್ಮಮ್ಮ ಹಂಗ ಕಟ್ಟ್ಯಾಳ."

ನಿಶಾತ್ ಪಕ್ಕದ ಖಾಲಿ ಮಂಚದ ಅಂಚಿಗೆ ಕುಳಿತುಬಿಟ್ಟಳು. "ಹಂಗಾದ್ರ ನನ್ನ ರಿಪೋರ್ಟ್ ಅರ್ಧ ಆಯ್ತು, ಮೇಡಮ್. ಜೀವಿ ಬಾಯಿಯದು ಅಂತ ಹೇಳಬಲ್ಲೆ. ಯಾರ ಬಾಯಿಯದು ಅಂತ ಹೇಳಲಾರೆ. ಗುದ್ದಿದಾಗ ಶಿವಕಾಂತನ ಹಲ್ಲಿನಿಂದ ಬಂದಿರಬಹುದು. ಇಲ್ಲಂದ್ರ ಸೊಪ್ಪು ಜಗದವರ ಹಲ್ಲಿನಿಂದ ಬಂದಿರಬಹುದು."

ಅಮರೇಶ್ವರಿ ಮಂಚಕ್ಕೆ ಇನ್ನೂ ಹತ್ತಿರವಾದಳು. "ಯಾರು ಜಗದು ಕಟ್ಟಿದ್ರು?"

"ನಮ್ಮವ್ವ," ಎಂದ ಗ್ಯಾನಪ್ಪ. ಪ್ರಶ್ನೆ ಮುಗಿಯುವ ಮೊದಲೇ ಬಂದ ಉತ್ತರ.

"ಹೂಂ ಯವ್ವಾ, ನಾನ," ಎಂದಳು ಯಮನೂರಮ್ಮ, ಕುಟ್ಟಾಣಿಯನ್ನು ಸೆರಗಿನೊಳಗೆ ಸರಿಸುತ್ತ.

ಆ ಸರಿಸುವಿಕೆಯೇ ಅಮರೇಶ್ವರಿಯ ಕಣ್ಣಿಗೆ ಬಿತ್ತು. ಅವಳು ಮುದುಕಿಯ ಎದುರು ಕುಕ್ಕರುಗಾಲಿನಲ್ಲಿ ಕುಳಿತಳು.

"ಅಮ್ಮಾ, ಎಲಿ-ಅಡಕಿ ಯಾಕ ಕುಟ್ಟಿ ತಿಂತಿ?"

ಯಮನೂರಮ್ಮ ತುಟಿ ಬಿಗಿದುಕೊಂಡಳು.

"ಬಾಯಿ ತಗೀ, ನೋಡೂಣು."

"ಏನ್ ನೋಡ್ತಿಯವ್ವಾ, ಖಾಲಿ ಮನಿ," ಎಂದು ಮುದುಕಿ ಕೊನೆಗೂ ಬಾಯಿ ತೆರೆದಳು. ಒಂದು ಹಲ್ಲೂ ಇರಲಿಲ್ಲ.

"ಎಲಿ ಜಗ್ಯಾಕ ಆಗಂಗಿಲ್ಲ, ಸೊಪ್ಪು ಜಗದಿ?"

"ಈ ಜೀವಿಗಳು ಹಲ್ಲಿನ ಬುಡದಾಗ ಗೂಡು ಕಟ್ತಾವ," ಎಂದು ನಿಶಾತ್ ಮೆಲ್ಲನೆ ಹೇಳಿದಳು. "ಹಲ್ಲಿಲ್ಲದ ಬಾಯಾಗ ಹಿಂಗ ಗುಂಪುಗಟ್ಟಿ ಇರಂಗಿಲ್ಲ."

"ನಾನ ಜಗದೀನ್ರೀ," ಎಂದ ಗ್ಯಾನಪ್ಪ. "ನನ್ನ ಬಾಯಿ, ನನ್ನ ಕೈ. ಯಾರಿಗೇನು?"

"ನೀನ ಜಗದಿದ್ರ ಅವ್ವನ ಹೆಸರು ಯಾಕ ಹೇಳ್ದಿ? ಯಾರನ್ನ ಮುಚ್ಚಾಕತ್ತಿ?"

ಗ್ಯಾನಪ್ಪ ಎದ್ದು ಕುಳಿತುಕೊಳ್ಳಲು ಯತ್ನಿಸಿದ. ಬೆವರು ಹಣೆಯಿಂದ ಇಳಿಯುತ್ತಿತ್ತು. ಅವನು ಮಾತಾಡಿದ್ದು ಅಮರೇಶ್ವರಿಯೊಡನೆ ಅಲ್ಲ.

"ಡಾಕ್ಟ್ರ, ಕೈ ಕಡದುಬಿಡ್ರಿ. ಕೈ ಹೋದ್ರ ಈ ಮಾತೂ ಹೋಗ್ತದ."

"ಹುಚ್ಚಪ್ಯಾಲಿ!" ಯಮನೂರಮ್ಮ ಎದ್ದು ನಿಂತಳು. "ಬಲಗೈ ಕೊಟ್ಟು ಏನ್ ತಿಂತಿಯೋ? ಆಕಿ ಬಂದು ಹಾಕ್ತಾಳೇನು ನಿನಗ ಕೂಳು?"

"ಯವ್ವಾ, ಬಾಯಿ ಮುಚ್ಚು!"

"ಮುಚ್ಚೀನಿ. ಇಷ್ಟ ದಿನ ಮುಚ್ಚೇ ಇದ್ದೆ. ನಿನ್ನ ಕೈ ಕೊಳತು ನಾರೂ ತನಕ ಮುಚ್ಚೀನಿ." ಮುದುಕಿ ಅಮರೇಶ್ವರಿಯ ಕಡೆಗೆ ತಿರುಗಿದಳು. ದನಿ ಕುಗ್ಗಿತು. "ಮೇಡಮ್ಮಾ, ನಾಕು ಮಂದಿ ಕೇಳಿದ್ರ ನಮ್ಮ ಗುಡಿಸಲಾ ಇರಂಗಿಲ್ಲ. ಅದು ಜಂಬಣ್ಣ ಸಾವ್ಕಾರ್ರ ಜಾಗದಾಗ ಐತಿ. ಅವತ್ತು ಕೊಯ್ಯಾಕತ್ತಿದ್ದೂ ಅವರ ಹೊಲಾನ."

ಜಂಬಣ್ಣ ಜವಳಗೇರಾದ ದೊಡ್ಡ ಹಿಡುವಳಿದಾರ. ಸತ್ತ ಶಿವಕಾಂತನ ಮಾವ. ಭಾಗ್ಯಶ್ರೀಯ ತಂದೆ.

"ಹೊತ್ತು ಮುಳಗಾಕತ್ತಿತ್ತು. ಡ್ರೈವರ್ ಚಾ ಕುಡ್ಯಾಕ ಊರಾಗ ಹೋಗಿದ್ದ. ನಾ ಬದುವಿನ ಮ್ಯಾಲ ಹುಲ್ಲು ಕೊಯ್ಯಾಕತ್ತಿದ್ದೆ. ಸಾವ್ಕಾರ್ರ ಮಗಳು ನಮಗ ಬುತ್ತಿ ತಂದಿದ್ದಳು. ಇವನ ಕೈಯಾಗಿನ ರಕ್ತ ನೋಡಿ ತಾನ ಸೊಪ್ಪು ಕಿತ್ತು, ಬಾಯಾಗ ಹಾಕ್ಕೊಂಡು ಜಗದು ಹಚ್ಚಿದಳು. ಮ್ಯಾಲ ಗೊಬ್ಬರ ಚೀಲದ ಪ್ಲಾಸ್ಟಿಕ್ ಹರದು ಬಿಗಿದಳು, ನೀರು ತಾಗಬಾರ್ದಂತ."

"ಗಾಳಿನೂ ತಾಗಲಿಲ್ಲ," ಎಂದು ನಿಶಾತ್ ತನ್ನಷ್ಟಕ್ಕೆ ಹೇಳಿಕೊಂಡಳು.

"ದೊಡ್ಡಮನಿ ಹೆಣ್ಣಮಗಳು, ಗಂಡನ್ನ ಕಟಗೊಂಡಾಕಿ. ಆಕಿ ಎಂಜಲ ನಮ್ಮ ಹುಡುಗನ ಕೈಮ್ಯಾಲ ಬಿತ್ತಂದ್ರ ಊರು ಏನನ್ನತದ ಅಂತ ನಿಮಗ ನಾ ಹೇಳಬೇಕೇನವ್ವಾ?"

ಅಮರೇಶ್ವರಿ ಎದ್ದು ನಿಂತಳು. ಹೊತ್ತು ಮುಳುಗುವಾಗ ಗ್ಯಾನಪ್ಪ ಕಾಲುವೆ ಏರಿಯ ಮೇಲಿದ್ದ ಎಂದು ಹೇಳಿದವಳು ಭಾಗ್ಯಶ್ರೀ. ಅದೇ ಹೊತ್ತಿನಲ್ಲಿ ಹೊಲದಲ್ಲಿ ಅವನ ಗಾಯ ಕಟ್ಟಿದವಳೂ ಭಾಗ್ಯಶ್ರೀ.

"ಇದನ್ನ ಮೊದ್ಲ ಯಾಕ ಹೇಳಲಿಲ್ಲ ಗ್ಯಾನಪ್ಪ?"

"ಹೇಳಿದ್ರ ಯಾರು ನಂಬ್ತಿದ್ರೀ? ಆಕೀನ ಅಲ್ಲ ಅಂದ್ರ ಅದು ನಾ ಕಟ್ಟಿದ ಕಥಿ ಆಗ್ತಿತ್ತು. ಒಬ್ಬ ಹೆಣ್ಣಮಗಳ ಮ್ಯಾಲ ಹೊಲಸು ಎರಚಿದಂಗ ಆಗ್ತಿತ್ತು." ಅವನು ದಿಂಬಿಗೆ ಒರಗಿದ. "ಯಾಕ ಹಂಗ ಬರಿಸ್ಯಾಳೋ ನನಗ ಗೊತ್ತಿಲ್ಲ. ಆಕೀನ ಬರ್ತಾಳ ಅಂತ ದಿನಾ ಬಾಗಲಾ ನೋಡ್ಕೋತ ಇದ್ದೀನಿ."

ಆರೋಪಿಯ ಮಾತು, ಆರೋಪಿಯ ತಾಯಿಯ ಮಾತು. ನ್ಯಾಯಾಲಯದಲ್ಲಿ ಎರಡಕ್ಕೂ ತೂಕವಿಲ್ಲ. ಗ್ಯಾನಪ್ಪನನ್ನು ಬಿಡಿಸಬಲ್ಲದ್ದು ಒಂದೇ ಬಾಯಿ. ಅವನನ್ನು ಒಳಗೆ ಹಾಕಿಸಿದ್ದೂ ಅದೇ ಬಾಯಿ.

*

ಮಸ್ಕಿಯ ಸಂತೆ ಬೀದಿಯಲ್ಲಿ ಶಿವಕಾಂತನ ಅಂಗಡಿಯ ಶಟರ್ ಇಳಿದಿತ್ತು. ಮೇಲಂತಸ್ತಿನ ಮನೆಯ ಬಾಗಿಲನ್ನು ತೆರೆದವರು ಜಂಬಣ್ಣ. ಹಣೆಯಲ್ಲಿ ವಿಭೂತಿ, ಮೈಮೇಲೆ ಇಸ್ತ್ರಿ ಮುರಿಯದ ಬಿಳಿ ಅಂಗಿ. ಮಗಳು ಒಬ್ಬಳೇ ಇರಬಾರದೆಂದು ಇಲ್ಲಿಯೇ ಉಳಿದುಕೊಂಡಿದ್ದರು.

"ಮತ್ತೇನು ಕೇಳೂದೈತ್ರೀ ಮೇಡಮ್? ಬರದು ಕೊಟ್ಟಾಳಲ್ಲ."

"ಒಂದೆರಡು ಮಾತು, ಜಂಬಣ್ಣನವರ. ಆಕೀ ಕೂಡ ಅಷ್ಟ."

"ಆಕಿ ಮಾತಾಡೂ ಹಾಲತ್ತಿನ್ಯಾಗಿಲ್ಲ. ನಿನ್ನೆಯಿಂದ ತುತ್ತು ಬಾಯಿಗಿಟ್ಟಿಲ್ಲ. ದುಃಖ ಗಂಟಲಿಗೆ ಬಂದು ನಿಂತದ."

"ಹೆಂಗಸರು ಹೆಂಗಸರು ಮಾತಾಡ್ತೀವಿ. ನೀವು ಹೊರಗ ಇರ್ರಿ."

ಜಂಬಣ್ಣ ಒಂದು ಕ್ಷಣ ಜೊತೆಗೆ ಬಂದಿದ್ದ ನಿಶಾತಳ ಕೈಚೀಲವನ್ನು ನೋಡಿದರು. ಬಳಿಕ ಹೊರಗಿನ ಮೊಗಸಾಲೆಗೆ ನಡೆದರು. ಬಾಗಿಲನ್ನು ಮುಚ್ಚಲಿಲ್ಲ. ಅಮರೇಶ್ವರಿಯೇ ಹೋಗಿ ಮುಚ್ಚಿ ಬಂದಳು.

ಭಾಗ್ಯಶ್ರೀ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು. ಬಲಗೈ ಸೆರಗಿನೊಳಗಿತ್ತು. ಬಂದವರ ಕಡೆಗೆ ಕುತ್ತಿಗೆ ತಿರುಗಿಸಲಿಲ್ಲ. ಇಡೀ ಮೈಯನ್ನೇ ತಿರುಗಿಸಿದಳು.

"ಗ್ಯಾನಪ್ಪ ಕೈ ಕಡೀರಿ ಅನ್ನಾಕತ್ತಾನ," ಎಂದಳು ಅಮರೇಶ್ವರಿ, ಪೀಠಿಕೆಯಿಲ್ಲದೆ. "ಕೈ ಹೋದ್ರ ನಿಮ್ಮ ಹೆಸರು ಉಳೀತದಂತ."

ಭಾಗ್ಯಶ್ರೀಯ ಕಣ್ಣುಗಳು ತುಂಬಿದವು. ಹಲ್ಲು ಕಚ್ಚಿಕೊಂಡೇ ಮಾತಾಡಿದಳು. "ಯಾರು... ಹೇಳಿದ್ರು?"

"ಅವನು ಹೇಳಿಲ್ಲ. ಅವನ ಗಾಯ ಹೇಳ್ತು. ಸೊಪ್ಪು ಜಗದಾಕಿ ನೀವು. ಹೌದೋ ಅಲ್ಲೋ?"

ಬೀದಿಯಲ್ಲಿ ಯಾರೋ ಈರುಳ್ಳಿಯ ದರ ಕೂಗುತ್ತಿದ್ದರು.

"ಹೌದು," ಎಂದಳು. "ನಾನ."

"ಆವಾಗ ನಿಮ್ಮ ಗಂಡ ಎಲ್ಲಿದ್ರು?"

"ಬದುವಿನ ಮ್ಯಾಲ. ನನ್ನ ಕರಕೊಂಡು ಹೋಗಾಕ ಬಂದಿದ್ರು. ನೋಡಿದ್ರು." ಪ್ರತಿ ಮಾತನ್ನೂ ಹಲ್ಲುಗಳ ನಡುವಿನಿಂದ ಎಳೆದು ತೆಗೆಯುವಂತಿತ್ತು. "ಕಾಲುವಿ ತನಕ ಬೈಕೋತ ಬಂದ್ರು. ಕೂಲ್ಯಾರವನಿಗೆ ಎಂಜಲ ಉಣಸಾಕಿ ಅಂದ್ರು. ಇನ್ನೂ ಏನೇನೋ ಅಂದ್ರು. ನನ್ನ ಕೈ... ತಾನ ಎದ್ದಿತು."

ಅವಳು ಸೆರಗಿನಿಂದ ಬಲಗೈಯನ್ನು ಹೊರತೆಗೆದಳು.

ನಡುಬೆರಳಿನ ಗೆಣ್ಣಿನ ಮೇಲೆ ಸೀಳು ಇತ್ತು. ಸಣ್ಣದು, ಬಾವು ಅಷ್ಟೇನಿರಲಿಲ್ಲ. ಅಂಚುಗಳಲ್ಲಿ ಕಪ್ಪು ಮಣ್ಣು ಇನ್ನೂ ಕಚ್ಚಿಕೊಂಡಿತ್ತು.

"ರಕ್ತ ನಿಲ್ಲಲಿ ಅಂತ ಕಾಲುವಿ ದಂಡಿಯ ಮಣ್ಣು ಒತ್ತಿದೆ," ಎಂದಳು.

ನಿಶಾತ್ ಉಸಿರೆಳೆದುಕೊಂಡಳು. ಏನನ್ನೋ ಕೇಳಲು ಹೊರಟವಳನ್ನು ಅಮರೇಶ್ವರಿ ಕೈಸನ್ನೆಯಿಂದ ತಡೆದಳು. ಇನ್ನೊಂದು ಕೈಯಿಂದ ಮೊಬೈಲಿನ ರೆಕಾರ್ಡಿಂಗ್ ಒತ್ತಿ ಕಿಟಕಿಯ ಅಂಚಿನ ಮೇಲಿಟ್ಟಳು.

"ಬಾಯಿಗೆ ಹೊಡದಾಕಿ ನೀವು. ಮತ್ತ ಗ್ಯಾನಪ್ಪನ ಹೆಸರು ಯಾಕ ಬರಿಸಿದ್ರಿ?"

"ಹೌದು, ನಾನ ಹೊಡದೆ. ಅವನ ಕೈಯಾಗ ಗಾಯ ಇತ್ತು." ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು, ಮುಖ ಮಾತ್ರ ಅಲುಗಲಿಲ್ಲ. "ಅದನ್ನ ನಾನ ಕಟ್ಟಿದ್ದೆ. ಎಲ್ಲಿ ಐತಿ, ಎಷ್ಟು ಐತಿ, ಎಲ್ಲಾ ಗೊತ್ತಿತ್ತು. ಹಂಗ ಹೇಳು ಅಂದ್ರು. ಹೇಳಿದೆ."

"ಯಾರು ಹೇಳು ಅಂದ್ರು?"

ಅವಳು ಮುಚ್ಚಿದ ಬಾಗಿಲನ್ನು ನೋಡಿದಳು.

"ಭಾಗ್ಯಶ್ರೀ ಅವರ, ಒಬ್ಬ ನಿರಪರಾಧಿ ಅಲ್ಲಿ ಬಿದ್ದಾನ. ನೀವು ಮ್ಯಾಜಿಸ್ಟ್ರೇಟರ ಮುಂದ ನಿಜ ಹೇಳಿದ್ರ ಅವನು ಹೊರಗ ಬರ್ತಾನ. ಬ್ಯಾರೆ ದಾರಿ ಇಲ್ಲ."

"ಹೇಳ್ತೀನಿ. ಹೇಳಬೇಕಂತನ... ಕುಂತೀನಿ." ಅವಳ ಉಸಿರು ಬಿಗಿಯುತ್ತಿತ್ತು. "ನಾ ಬಿಟ್ಟು ಬರುವಾಗ ಅವರು ಜೀವಂತ ಇದ್ರು. ನಿಂತಿದ್ರು. ತುಟಿ ಒರಸಿಕೊಳ್ಳಾಕತ್ತಿದ್ರು. ಆದ್ರ ಒಬ್ಬರ ಇದ್ದಿಲ್ಲ. ಅವರ ಕೂಡ..."

"ಯಾರಿದ್ರು ಅವರ ಕೂಡ?"

ಕೆಳಗಿನ ಬೀದಿಯಲ್ಲಿ ಟ್ರ್ಯಾಕ್ಟರೊಂದು ಕಿವಿಗಡಚಿಕ್ಕುವಂತೆ ಹಾರನ್ ಹೊಡೆಯಿತು.

ಭಾಗ್ಯಶ್ರೀಯ ಬೆನ್ನು ಕುರ್ಚಿಯಿಂದ ಹಿಂದಕ್ಕೆ ಬಾಗಿತು. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು. ತುಟಿಗಳು ಎರಡೂ ಕಡೆಗೆ ಎಳೆದುಕೊಂಡು, ನಗುವಲ್ಲದ ನಗುವೊಂದು ಮುಖದ ಮೇಲೆ ಕಲ್ಲಾಗಿ ನಿಂತಿತು. ಗಂಟಲಿನಿಂದ ಸದ್ದು ಬರುತ್ತಿತ್ತು. ದವಡೆ ಒಂದು ಎಳೆಯಷ್ಟೂ ಬಿಚ್ಚಲಿಲ್ಲ.

ನಿಶಾತ್ ಓಡಿಬಂದು ಅವಳ ತಲೆಯನ್ನು ಹಿಡಿದುಕೊಂಡಳು. "ಕಿಟಕಿ ಮುಚ್ಚ್ರಿ! ಪರದೆ ಎಳೀರಿ! ಸದ್ದು ಮಾಡಬ್ಯಾಡ್ರಿ!"

"ಏನಾತು?"

"ಧನುರ್ವಾಯು. ಬರ್ತಿದ್ದಂಗ ಕುತ್ತಿಗಿ ನೋಡಿದಾಗ ಹೊಳೀಬೇಕಿತ್ತು ನನಗ. ಹಲ್ಲು ಕಚ್ಚಿಕೊಂಡು ಮಾತಾಡಿದ್ದು ಸಿಟ್ಟಿಗಲ್ಲ, ದುಃಖಕ್ಕಲ್ಲ. ದವಡಿ ಬಿಚ್ಚವಲ್ಲದು." ನಿಶಾತ್ ತಲೆಯ ಹಿಡಿತ ಸಡಿಲಿಸಲಿಲ್ಲ. "ಅದೂ ಗಾಳಿ ಒಲ್ಲದ ಜಾತೀನ, ಮೇಡಮ್. ಮಣ್ಣಿನ್ಯಾಗ ಇರೂದು. ಅವನಿಗೆ ಹೊಲದ ಗಾಯದಾಗ ಬಾಯಿಯ ಜೀವಿ ಸೇರ್ತು. ಈಕೀಗೆ ಹಲ್ಲಿನ ಗಾಯದಾಗ ಹೊಲದ ಜೀವಿ ಸೇರೈತಿ."

ಅಮರೇಶ್ವರಿ ಭಾಗ್ಯಶ್ರೀಯ ಮುಖದ ಹತ್ತಿರ ಬಾಗಿದಳು. ಕಣ್ಣುಗಳು ತೆರೆದಿದ್ದವು. ಎಲ್ಲವೂ ಅವಳಿಗೆ ಕೇಳಿಸುತ್ತಿತ್ತು.

"ಒಂದ ಒಂದು ಹೆಸರು, ಅಕ್ಕಾರ. ಹೂಂ ಅಂತ ಕಣ್ಣು ಮುಚ್ಚಿದ್ರ ಸಾಕು. ನಾ ಹೆಸರು ಹೇಳ್ತೀನಿ..."

"ಕೇಳಬ್ಯಾಡ್ರಿ!" ನಿಶಾತ್ ಅವಳ ಭುಜವನ್ನು ಹಿಡಿದು ಹಿಂದಕ್ಕೆ ತಳ್ಳಿದಳು. "ಇನ್ನೊಂದು ಸಲ ಸೆಡೆತ ಬಂದ್ರ ಉಸಿರು ನಿಲ್ತದ. ಕತ್ತಲಿ ಕೋಣಿ ಬೇಕು, ಇಂಜೆಕ್ಷನ್ ಬೇಕು, ಉಸಿರಿನ ಮಷೀನ್ ಬೇಕು. ರಾಯಚೂರಿಗೆ ಒಯ್ಯಬೇಕು, ಈಗಿಂದೀಗ."

"ಆ ಹೆಸರು ಸಿಗದಿದ್ರ ಗ್ಯಾನಪ್ಪ..."

"ಈಕಿ ಸತ್ರ ಗ್ಯಾನಪ್ಪಗ ಏನು ಉಳೀತದ?"

ಅಮರೇಶ್ವರಿ ಮೊಬೈಲನ್ನು ಎತ್ತಿಕೊಂಡಳು. ಅದರೊಳಗೆ ಹಲ್ಲುಗಳ ನಡುವಿನಿಂದ ಬಂದ ಕೆಲವು ಮಾತುಗಳಿದ್ದವು. ಗುದ್ದಿದವಳ ಒಪ್ಪಿಗೆ ಇತ್ತು. ಕೊಂದವನ ಹೆಸರಿರಲಿಲ್ಲ. ಇಷ್ಟನ್ನು ಒಯ್ದು ಕೊಟ್ಟರೆ, ಜ್ವರದ ಸನ್ನಿಯಲ್ಲಿ ಆಡಿದ ಮಾತೆಂದು ಯಾವ ವಕೀಲನಾದರೂ ತಳ್ಳಿಹಾಕಬಲ್ಲ. ಕೆಳಗಿದ್ದ ಬಾಬುಸಾಬನಿಗೆ ಆಂಬುಲೆನ್ಸ್ ತರಿಸಲು ಹೇಳಿ ಫೋನಿಟ್ಟಾಗ ಹಿಂದೆ ಬಾಗಿಲು ತೆರೆದುಕೊಂಡಿತು.

ಜಂಬಣ್ಣ ಹೊಸ್ತಿಲ ಮೇಲೆ ನಿಂತಿದ್ದರು. ಎಷ್ಟು ಹೊತ್ತಿನಿಂದ ಬಾಗಿಲಿನ ಆಚೆಗೆ ಇದ್ದರೋ ಗೊತ್ತಾಗಲಿಲ್ಲ. ಬಿಲ್ಲಿನಂತೆ ಬಾಗಿದ್ದ ಮಗಳ ಬೆನ್ನನ್ನು ನೋಡಿದರು. ಬಿಗಿದ ದವಡೆಯನ್ನು ನೋಡಿದರು. ಅವರ ದೃಷ್ಟಿ ಅಲ್ಲಿಂದ ಅಮರೇಶ್ವರಿಯ ಕೈಯಲ್ಲಿದ್ದ ಮೊಬೈಲಿಗೆ ಸರಿದು, ಕೊನೆಗೆ ನಿಶಾತಳ ಮೇಲೆ ನಿಂತಿತು.

"ಡಾಕ್ಟ್ರ," ಎಂದರು. ದನಿ ತಗ್ಗಿತ್ತು; ನಡುಗುತ್ತಿರಲಿಲ್ಲ. "ಈಕಿಗೆ ಮತ್ತ ಮಾತು ಬರ್ತದೇನ್ರೀ?"

ಮಗಳು ಬದುಕುತ್ತಾಳೆಯೇ ಎಂದು ಅವರು ಕೇಳಿರಲಿಲ್ಲ.